ಹೆಬ್ಬಾತು, ಅಪ್ಪನ ಡಬ್ಬ ಮತ್ತು 16 ಪುಟದ ಪುಸ್ತಕ

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಬೆಳ್ಳಗಿನ ತಲೆಯ ಹಿಂದೆ ಎರಡು ಕರಿ ಪಟ್ಟೆ, ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಕಾಲು. ಮಂಗೋಲಿಯ, ಟಿಬೆಟ್ ಕಡೆಯ ಸರೋವರಗಳ ದಂಡೆಯಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ ಇದು. 7,000 ಮೀಟರಿಗೂ ಎತ್ತರದಲ್ಲಿ ಇದು ಹಾರಿದ್ದನ್ನು ವಿಜ್ಞಾನಿಗಳು ಉಪಕರಣ ಕಟ್ಟಿ ಅಳೆದಿದ್ದಾರೆ. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ, ಹೊತ್ತು ಮುಳುಗಿದ ಮೇಲೆ ಸುತ್ತಲಿನ ಗದ್ದೆ, ಹೊಲಗಳಲ್ಲಿ ಮೇವು. ಕೆಲವು ಹಕ್ಕಿಗಳ ಕೊರಳಿಗೆ ಅಕ್ಷರ, ಅಂಕಿ ಬರೆದ ಪ್ಲಾಸ್ಟಿಕ್ ಪಟ್ಟಿ ತೊಡಿಸಿರುತ್ತಾರೆ. ಮಂಗೋಲಿಯದಲ್ಲಿ ತೊಡಿಸಿದ ಇಂಥ ಪಟ್ಟಿಯ ಹಕ್ಕಿಗಳನ್ನು ಪಕ್ಷಿವೀಕ್ಷಕರು ಹದಿನಾರು ಕೆರೆಯಲ್ಲೇ ಕಂಡಿದ್ದಾರೆ.

ಮಕ್ಕಳ ಕಥೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೇ? ಆದರೂ ಇಂಥದ್ದು ಕೈಗೆ ಸಿಕ್ಕಾಗ ಹೊಸ ಬರಹಗಾರರು ಸಾಮಾನ್ಯವಾಗಿ ಬರೆದುಬಿಡುವುದು ಪರಿಸರ ದಿನಾಚರಣೆಯ ಭಾಷಣ. ಒಬ್ಬ ಅಜ್ಜ, ಇಬ್ಬರು ಮೊಮ್ಮಕ್ಕಳು, ಕೆರೆ ಏರಿಯ ಮೇಲೆ ಸಂಜೆಯ ವಾಕಿಂಗು. ಮಕ್ಕಳು ಒಂದೊಂದಾಗಿ ಪ್ರಶ್ನೆ ಕೇಳುತ್ತಾರೆ, ಅಜ್ಜ ಪಠ್ಯಪುಸ್ತಕದಂತೆ ಉತ್ತರಿಸುತ್ತಾನೆ. ಕೊನೆಗೆ ಮಕ್ಕಳಿಬ್ಬರೂ ಇನ್ನು ಮುಂದೆ ಪ್ರಕೃತಿಯನ್ನು ಕಾಪಾಡುತ್ತೇವೆಂದು ಮಾತು ಕೊಟ್ಟು ಚಪ್ಪಾಳೆ ತಟ್ಟುತ್ತಾರೆ. ಪತ್ರಿಕೆಗಳ ಮಕ್ಕಳ ಪುಟಕ್ಕೆ ಬರುವ ಬರಹಗಳಲ್ಲಿ ಈ ಅಜ್ಜನ ಹಾಜರಿ ತಪ್ಪುವುದೇ ಇಲ್ಲ. ಪಾಪ, ಅವನಿಗೂ ಒಂದು ನಿವೃತ್ತಿ ಬೇಡವೇ?

ಭಾಷಣ ಬರೆಯುವುದು ಸುಲಭ, ಏಕೆಂದರೆ ಅಲ್ಲಿ ಯಾರಿಗೂ ಏನೂ ಬೇಕಾಗಿರುವುದಿಲ್ಲ. ಕಥೆಯಲ್ಲಿ ಒಬ್ಬರಿಗೆ ಏನೋ ಬೇಕಿರುತ್ತದೆ, ಇನ್ನೊಬ್ಬರು ಅದಕ್ಕೆ ಅಡ್ಡ ಬರುತ್ತಾರೆ, ಅಡ್ಡ ಬರುವವರ ಕಡೆಗೂ ಒಂದಿಷ್ಟು ನ್ಯಾಯ ಇರುತ್ತದೆ. ಹದಿನಾರು ಕೆರೆಯ ವಸ್ತುವನ್ನೇ ಇಟ್ಟುಕೊಂಡು ಒಂದು ಕಥೆ ಕಟ್ಟಿ ನೋಡಬಹುದು. ಮೂರನೇ ತರಗತಿಯ ಹುಡುಗಿ, ಹೆಸರು ಮಾದೇವಿ ಎಂದಿರಲಿ. ಒಂದು ಹೆಬ್ಬಾತಿನ ಕೊರಳಪಟ್ಟಿಯ ನಂಬರನ್ನು ಓದಬೇಕೆಂಬುದೇ ಅವಳ ಹಟ. ಓದಬೇಕಾದರೆ ಹಕ್ಕಿ ಹತ್ತಿರ ಬರಬೇಕು. ಹಗಲಲ್ಲಿ ಅದು ಕೆರೆಯ ನಡುವೆ ಇರುತ್ತದೆ. ಹತ್ತಿರ ಸಿಗುವುದು ಗದ್ದೆಗಿಳಿದಾಗ, ಅದೂ ಮಬ್ಬು ಹರಿಯುವ ಸ್ವಲ್ಪ ಹೊತ್ತು ಮಾತ್ರ. ಆ ಗದ್ದೆ ಅವಳ ಅಪ್ಪನದು. ಸಾಲ ಮಾಡಿ ಬೀಜ, ಗೊಬ್ಬರ ತಂದವನಿಗೆ ಪೈರು ಮೇಯುವ ಹಕ್ಕಿ ಮಂಗೋಲಿಯದ್ದಾದರೇನು, ಮಳವಳ್ಳಿಯದ್ದಾದರೇನು? ಡಬ್ಬ ಬಡಿದು ಓಡಿಸುತ್ತಾನೆ.

ಕಥೆಯ ಮೊದಲ ಸಾಲುಗಳನ್ನು ಎರಡು ಬಗೆಯಲ್ಲಿ ಬರೆಯಬಹುದು. ಮೊದಲನೆಯದು: "ಹದಿನಾರು ಎಂಬ ಸುಂದರವಾದ ಗ್ರಾಮವಿತ್ತು. ಅಲ್ಲಿ ಮಾದೇವಿ ಎಂಬ ಜಾಣ ಹುಡುಗಿ ಇದ್ದಳು. ಅವಳಿಗೆ ಪಕ್ಷಿಗಳೆಂದರೆ ಪಂಚಪ್ರಾಣ." ಎರಡನೆಯದು: "ಬೆಳಿಗ್ಗೆ ಎದ್ದು ನೋಡಿದರೆ ಗದ್ದೆಯ ಮೂಲೆ ಬೋಳಾಗಿತ್ತು. ಅಪ್ಪ ಡಬ್ಬ ಹುಡುಕತೊಡಗಿದ. ಡಬ್ಬ ಮಾದೇವಿಯ ಲಂಗದೊಳಗಿತ್ತು."

ಎರಡೂ ಮೂರು ಮೂರು ವಾಕ್ಯವೇ. ಮೊದಲನೆಯದರಲ್ಲಿ ಸುಂದರ, ಜಾಣ, ಪಂಚಪ್ರಾಣ ಎಂದು ಬರಹಗಾರರೇ ತೀರ್ಪು ಕೊಟ್ಟು ಮುಗಿಸಿದ್ದಾರೆ. ಎರಡನೆಯದರಲ್ಲಿ ಗದ್ದೆ ಬೋಳಾದದ್ದು ಹೇಗೆ, ಡಬ್ಬ ಯಾಕೆ ಬೇಕು, ಹುಡುಗಿ ಅದನ್ನು ಬಚ್ಚಿಟ್ಟದ್ದು ಏಕೆ ಎಂದು ಮಗುವೇ ಕೇಳಿಕೊಳ್ಳುತ್ತದೆ. ಮಾದೇವಿ ಜಾಣೆಯೋ ಪೆದ್ದಿಯೋ ಅದೇ ತೀರ್ಮಾನಿಸಿಕೊಳ್ಳುತ್ತದೆ. ಹಕ್ಕಿಗಳ ಮೇಲಿನ ಪ್ರೀತಿಯ ಮಾತು ಎಲ್ಲೂ ಬಂದಿಲ್ಲ, ಬರುವ ಅಗತ್ಯವೂ ಇಲ್ಲ.

ನಡುಭಾಗಕ್ಕೆ ಜನಪದ ಕಥೆಗಳ ಲೆಕ್ಕಾಚಾರ ಇಂದಿಗೂ ಒದಗುತ್ತದೆ. ಗುಬ್ಬಚ್ಚಿ ಮತ್ತು ಕಾಗೆಯ ಕಥೆಯಲ್ಲಿ ಮಳೆಗೆ ನೆನೆದ ಕಾಗೆ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ಗುಬ್ಬಚ್ಚಿ ಒಂದೊಂದು ಸಲವೂ ಹೊಸ ನೆಪ ಹೇಳುತ್ತದೆ. ಕೇಳುವ ಮಗು ಎರಡನೇ ಸಲಕ್ಕೇ ತಾನೂ ದನಿಗೂಡಿಸುತ್ತದೆ. ಮಾದೇವಿಯೂ ಹೀಗೆ ಮೂರು ಪ್ರಯತ್ನ ಮಾಡಲಿ, ಒಂದು ಇನ್ನೊಂದಕ್ಕಿಂತ ಫಜೀತಿಯದಾಗಲಿ. ಮೊದಲು ಏರಿಯ ಮೇಲೆ ನಿಂತು ಕಣ್ಣು ಕಿರಿದು ಮಾಡಿ ನೋಡಲಿ. ಆಮೇಲೆ ಪಟ್ಟಣದಿಂದ ಬಂದ ಪಕ್ಷಿವೀಕ್ಷಕರ ಬೈನಾಕ್ಯುಲರ್ ಬೇಡಿ ಪಡೆದು ತಿರುಗಾಮುರುಗಾ ಹಿಡಿಯಲಿ. ಮೂರನೇ ಸಲ ನಸುಕಿನಲ್ಲೇ ಎದ್ದು ಗದ್ದೆಯ ಬದುವಿನ ಕೆಸರಲ್ಲಿ ಬೋರಲು ಮಲಗಲಿ. ಎರಡು ಅಕ್ಷರ ಕಂಡವು, ಮೂರನೆಯದು ಇನ್ನೇನು ಕಾಣಬೇಕು ಎನ್ನುವಾಗ ಅಪ್ಪನ ಡಬ್ಬ ಸದ್ದು ಮಾಡುತ್ತದೆ. ಹಕ್ಕಿ ಎದ್ದು ಹಾರುತ್ತದೆ, ನೇರ ಅಪ್ಪನ ತಲೆಯ ಮೇಲೆ. ಹೀಗೆ ಕೊನೆಯ ಅಂಕಿಯನ್ನು ಓದುವವನು ಡಬ್ಬ ಹಿಡಿದು ನಿಂತ ಅಪ್ಪನೇ ಆಗುತ್ತಾನೆ.

ಕಥೆ ಅಲ್ಲಿಗೆ ಮುಗಿಯಿತು. ಅಪ್ಪನಿಗೆ ತಪ್ಪಿನ ಅರಿವಾಯಿತು, ಡಬ್ಬ ಎಸೆದ, ಊರವರೆಲ್ಲ ಸೇರಿ ಹಕ್ಕಿಗಳಿಗೆ ಗದ್ದೆ ಬಿಟ್ಟುಕೊಟ್ಟರು ಎಂದು ಇನ್ನೊಂದು ಪ್ಯಾರಾ ಸೇರಿಸುವ ಆಸೆ ಬರುತ್ತದೆ. ಸೇರಿಸಬಾರದು. ಮಾರನೇ ಬೆಳಿಗ್ಗೆ ಅಪ್ಪ ಮತ್ತೆ ಡಬ್ಬ ಬಡಿಯುತ್ತಾನೆ ಎಂಬುದು ರೈತರ ಮನೆಯ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಇದೇ ಊರಿಗೆ ಇನ್ನೊಂದು ಕಥೆಯೂ ಅಂಟಿಕೊಂಡಿದೆ. ಮೈಸೂರು ಅರಸು ಮನೆತನದ ಮೂಲಪುರುಷ ಯದುರಾಯ ಮತ್ತು ಅವನ ತಮ್ಮ ಕೃಷ್ಣರಾಯ 1399ರಲ್ಲಿ ಹದಿನಾಡಿನ ಅರಸು ಮನೆಯನ್ನು ಕಾರುಗಹಳ್ಳಿಯ ಮಾರನಾಯಕನಿಂದ ಉಳಿಸಿದರು ಎಂಬ ಐತಿಹ್ಯ. ಆ ಹದಿನಾಡೇ ಇಂದಿನ ಹದಿನಾರು ಎನ್ನುತ್ತಾರೆ. ಹತ್ತು ಹನ್ನೆರಡು ವಯಸ್ಸಿನ ಓದುಗರಿಗೆ ಇದು ಕಾದಂಬರಿಯಾಗಬಲ್ಲದು. ಆದರೆ ಕತ್ತಿವರಸೆಗಿಂತ ದೊಡ್ಡ ಕೆಲಸ ಅಡುಗೆಮನೆಯಲ್ಲಿದೆ. 1399ರ ಹದಿನಾರಿನಲ್ಲಿ ಹಸಿಮೆಣಸಿನಕಾಯಿ ಇರಲಿಲ್ಲ. ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಮುಸುಕಿನ ಜೋಳ ಯಾವುದೂ ಇರಲಿಲ್ಲ. ಇವೆಲ್ಲ ಅಮೆರಿಕ ಖಂಡದ ಬೆಳೆಗಳು, ಪೋರ್ಚುಗೀಸರು ಬಂದ ಮೇಲೆ ಇತ್ತ ಕಾಲಿಟ್ಟವು. ರಾಗಿ ಇತ್ತು, ಹುರುಳಿ ಇತ್ತು, ಅವರೆ ಇತ್ತು, ಖಾರಕ್ಕೆ ಕರಿಮೆಣಸಿತ್ತು. ರಾಜಕುಮಾರಿ ಕಡಲೆಕಾಯಿ ಸುಲಿಯುತ್ತಾ ಕೂತಳೆಂದು ಬರೆದರೆ ಏಳನೇ ತರಗತಿಯ ಒಬ್ಬ ಚೂಟಿ ಹುಡುಗ ಪತ್ರ ಬರೆದೇ ಬರೆಯುತ್ತಾನೆ. ನಂಜನಗೂಡಿನ ಕಪಿಲಾ ನದಿಯ ಹಳೇ ಸೇತುವೆಯ ಮೇಲೆ ಯದುರಾಯನ ಕುದುರೆಯನ್ನು ಓಡಿಸುವಂತೆಯೂ ಇಲ್ಲ, ಅದನ್ನು ದಳವಾಯಿ ದೇವರಾಜ ಕಟ್ಟಿಸಿದ್ದು 1735ರಲ್ಲಿ.

ಯಾವ ವಯಸ್ಸಿಗೆ ಬರೆಯುತ್ತಿದ್ದೇವೆ ಎಂಬುದು ಕೂರುವ ಮೊದಲೇ ಗೊತ್ತಿರಬೇಕು. ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿವರೆಗೆ ನಡೆಯುವ ನಲಿ-ಕಲಿ ಹುಟ್ಟಿದ್ದು ಇದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಅದರ ಕಾರ್ಡುಗಳನ್ನು ಒಮ್ಮೆ ತಿರುವಿ ಹಾಕಿದರೆ ಆ ವಯಸ್ಸಿನ ಮಗು ಯಾವ ಅಕ್ಷರವನ್ನು ಯಾವಾಗ ಕಲಿಯುತ್ತದೆ, ಒತ್ತಕ್ಷರಕ್ಕೆ ಎಷ್ಟು ತಡವಾಗಿ ಬರುತ್ತದೆ ಎಂಬುದು ತಿಳಿಯುತ್ತದೆ. ತಾನೇ ಓದುವ ಆರು ವರ್ಷದ ಮಗುವಿಗೆ "ಪ್ರಾತಃಕಾಲ" ಒಂದು ಬೆಟ್ಟ, "ಬೆಳಿಗ್ಗೆ" ಒಂದು ಮೆಟ್ಟಿಲು. ಅದೇ ಮಗುವಿಗೆ ದೊಡ್ಡವರು ಓದಿ ಹೇಳುವ ಕಥೆಯಾದರೆ ಈ ಕಟ್ಟುಪಾಡು ಅಷ್ಟಿಲ್ಲ. ಕಿವಿಗೆ ದಕ್ಕುವ ಕನ್ನಡ ಕಣ್ಣಿಗೆ ದಕ್ಕುವ ಕನ್ನಡಕ್ಕಿಂತ ವರ್ಷಗಟ್ಟಲೆ ಮುಂದಿರುತ್ತದೆ.

ಉದ್ದದ ಲೆಕ್ಕಕ್ಕೆ ಪ್ರಥಮ್ ಬುಕ್ಸ್ ಸಂಸ್ಥೆಯ ಹಂತಗಳು ಒಳ್ಳೆಯ ಅಳತೆಗೋಲು. ಮೊದಲ ಹಂತದ ಕಥೆ 250 ಪದದೊಳಗೆ, ಎರಡನೆಯದು 600ರವರೆಗೆ, ಮೂರನೆಯದು 1,500ರವರೆಗೆ, ಅದರ ಮೇಲಿನದು ನಾಲ್ಕನೇ ಹಂತ. ಕನ್ನಡದಲ್ಲಿ ವಿಭಕ್ತಿ, ಕಾಲ, ಲಿಂಗ ಎಲ್ಲವೂ ಪದಕ್ಕೇ ಅಂಟಿಕೊಳ್ಳುವುದರಿಂದ ಈ ಅಂಕಿಗಳನ್ನು ಇನ್ನೂ ಸ್ವಲ್ಪ ಕೆಳಗಿಳಿಸಿಕೊಂಡರೆ ವಾಸಿ. ಮಾದೇವಿಯ ಕಥೆ 500 ಪದ ದಾಟಿದರೆ ಎಲ್ಲೋ ಅಜ್ಜ ಒಳಗೆ ನುಸುಳಿದ್ದಾನೆ ಎಂದೇ ಅರ್ಥ.

ಮಾತಿನ ಸೊಗಡಿನ ಪ್ರಶ್ನೆ ಈ ಸೀಮೆಯ ಬರಹಗಾರರನ್ನು ಹೆಚ್ಚು ಕಾಡುತ್ತದೆ. ದೇವನೂರ ಮಹಾದೇವರ ದೇವನೂರು ಇದೇ ನಂಜನಗೂಡು ತಾಲ್ಲೂಕಿನದು. 'ಅಮಾಸ' ಕಥೆಯ ಅನಾಥ ಹುಡುಗ, 'ಒಡಲಾಳ'ದ ಸಾಕವ್ವನ ಮನೆಯ ಮಕ್ಕಳು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಕುಸುಮಬಾಲೆ' ಇವೆಲ್ಲ ಈ ನೆಲದ ನುಡಿಯಿಂದ ಎದ್ದವು. ಅವು ಮಕ್ಕಳಿಗೆಂದು ಬರೆದ ಕೃತಿಗಳಲ್ಲ. ಆದರೆ ಮಗುವನ್ನು ಮುದ್ದು ಮಾಡದೆ, ಸರಿಸಮನಾಗಿ ನೋಡುವುದು ಹೇಗೆಂದು ಕಲಿಯಲು ಅವನ್ನು ಓದಲೇಬೇಕು. ಎಂಟು ವರ್ಷದವರ ಕಥೆಯಲ್ಲಿ ನಿರೂಪಣೆ ತಿಳಿಗನ್ನಡದಲ್ಲಿದ್ದು ಸಂಭಾಷಣೆ ಊರ ಮಾತಿನಲ್ಲಿರುವುದು ಅನುಕೂಲ. "ಡಬ್ಬ ಎಲ್ ಮಡ್ಗಿದ್ದೀಯೇ?" ಎಂದು ಅಪ್ಪ ಕೇಳಿದರೆ, "ನಾ ಕಾಣೆ ಕನಪ್ಪ" ಎಂದು ಮಾದೇವಿ ಹೇಳಿದರೆ, ಬೀದರಿನ ಮಗುವಿಗೂ ಸನ್ನಿವೇಶದಿಂದಲೇ ಅರ್ಥವಾಗುತ್ತದೆ. ಹಳ್ಳಿಯ ನುಡಿಯನ್ನು ಪೆದ್ದನ ಬಾಯಿಗೆ, ಶಿಷ್ಟ ಕನ್ನಡವನ್ನು ಜಾಣನ ಬಾಯಿಗೆ ಹಾಕುವ ಹಳೇ ಚಾಳಿಯನ್ನು ಮಾತ್ರ ಬಿಡಬೇಕು.

ಮಕ್ಕಳಿಗೆ ದುಃಖ ಬೇಡ, ಸಾವು ಬೇಡ, ಭಯ ಬೇಡ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಕನ್ನಡದ ಅನುಭವ ಬೇರೆಯೇ ಇದೆ. ತಲೆಮಾರುಗಳಿಂದ ಮಕ್ಕಳು ಕೇಳುತ್ತ ಬಂದ ಪುಣ್ಯಕೋಟಿಯ ಹಾಡು ಹುಲಿಯ ಸಾವಿನಲ್ಲಿ ಮುಗಿಯುತ್ತದೆ. ಕುವೆಂಪು ಅವರ ಕಿಂದರಿಜೋಗಿ ಊರಿನ ಮಕ್ಕಳನ್ನೆಲ್ಲ ಕರೆದುಕೊಂಡು ಮಾಯವಾಗುತ್ತಾನೆ. ಶರಾವತಿ ಯೋಜನೆಯ ಮುಳುಗಡೆಯನ್ನು ಕಣ್ಣಾರೆ ಕಂಡ ಸಾಗರದ ನಾ. ಡಿಸೋಜ ಮಕ್ಕಳಿಗಾಗಿ 'ಮುಳುಗಡೆಯ ಊರಿಗೆ ಬಂದವರು' ಬರೆದರು, 2011ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಭಯಕ್ಕೆ ಒಂದು ಆಚೆ ದಡ ಕಾಣುವಂತಿದ್ದರೆ ಮಕ್ಕಳು ಅದರಲ್ಲಿ ಇಳಿಯಲು ಹೆದರುವುದಿಲ್ಲ. ಅವರನ್ನು ದೂರ ಓಡಿಸುವುದು ಬೇಜಾರು.

ಬಾಲಸಾಹಿತ್ಯ ಪುರಸ್ಕಾರ 2010ರಲ್ಲಿ ಶುರುವಾಯಿತು. ಮೊದಲ ವರ್ಷ ಅದು ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ ಬಂತು. ಈಚಿನ ಪಟ್ಟಿಯೇ ಹೊಸಬರಿಗೆ ಸಿದ್ಧ ಓದಿನ ಪಟ್ಟಿ: ಬಸು ಬೇವಿನಗಿಡದ ಅವರ 'ಓಡಿಹೋದ ಹುಡುಗ' (2021), ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' (2022), ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್' (2023), ಕೃಷ್ಣಮೂರ್ತಿ ಬಿಳಿಗೆರೆ ಅವರ 'ಛೂಮಂತ್ರಯ್ಯನ ಕಥೆಗಳು' (2024), ಕೆ. ಶಿವಲಿಂಗಪ್ಪ ಹಂದಿಹಾಳು ಅವರ 'ನೋಟ್ ಬುಕ್' (2025). ಈ ಸಾಲಿನ ಮೊದಲ ಮೂರೂ ಕಾದಂಬರಿಗಳು. ಪಂಚತಂತ್ರ, ತೆನಾಲಿರಾಮನ ಮರುಕಥನದಾಚೆ ಮಕ್ಕಳ ಪುಸ್ತಕವೇ ಇಲ್ಲ ಎನ್ನುವವರು ಇವನ್ನು ನೋಡಿಲ್ಲ.

ಬೀಗಾರರು ಶಾಲಾ ಮೇಷ್ಟ್ರಾಗಿದ್ದವರು. ಪಂಜೆ ಮಂಗೇಶರಾಯರು ಪಾಠ ಹೇಳಿದವರು, ಶಾಲಾ ಇನ್‌ಸ್ಪೆಕ್ಟರ್ ಆಗಿ ಊರೂರು ತಿರುಗಿದವರು. ಜಿ.ಪಿ. ರಾಜರತ್ನಂ ಕೂಡ ಮೇಷ್ಟ್ರೇ. ಮೇಷ್ಟ್ರುಗಳಿಗೆ ಒಂದು ಸವಲತ್ತಿದೆ, ಕರಡನ್ನು ಕೇಳುವ ಕಿವಿಗಳು ದಿನವೂ ಎದುರಿಗೇ ಕೂತಿರುತ್ತವೆ. ಮೇಷ್ಟ್ರಲ್ಲದವರು ಆ ಕಿವಿಗಳನ್ನು ಹುಡುಕಿಕೊಂಡು ಹೋಗಬೇಕು. ಈಗ ಅದು ಕಷ್ಟವೂ ಅಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತಿದೆ. ಗ್ರಂಥಪಾಲಕರನ್ನೋ ಶಾಲೆಯ ಮುಖ್ಯಶಿಕ್ಷಕರನ್ನೋ ಮೊದಲೇ ಕಂಡು ಒಪ್ಪಿಗೆ ಪಡೆದರೆ ಒಂದು ಮಧ್ಯಾಹ್ನ ಕಥೆ ಓದಲು ಯಾರೂ ಬೇಡ ಎನ್ನುವುದಿಲ್ಲ.

ಓದುವ ಕ್ರಮದಲ್ಲೇ ಗುಟ್ಟಿದೆ. ಬರೆದವರು ತಾವೇ ಓದಿದರೆ ದನಿಯ ಏರಿಳಿತದಲ್ಲಿ ಕಥೆಯ ತೂತುಗಳನ್ನೆಲ್ಲ ಮುಚ್ಚಿಬಿಡುತ್ತಾರೆ. ಹಾಗಾಗಿ ಐದನೇ ತರಗತಿಯ ಒಂದು ಮಗುವಿನ ಕೈಗೆ ಹಾಳೆ ಕೊಟ್ಟು ಗಟ್ಟಿಯಾಗಿ ಓದಿಸಬೇಕು. ಬರೆದವರು ಹಿಂದಿನ ಸಾಲಿನಲ್ಲಿ ಕೂತು, ಇನ್ನೊಂದು ಪ್ರತಿಯಲ್ಲಿ ಮಗು ಎಡವಿದ ಕಡೆ ಗೆರೆ ಎಳೆಯಬೇಕು, ಕೇಳುವ ಮಕ್ಕಳು ಕಿಟಕಿಯಾಚೆ ನೋಡಿದ ಕಡೆ ಸುತ್ತು ಹಾಕಬೇಕು. ಓದಿ ಮುಗಿದ ಮೇಲೆ "ಚೆನ್ನಾಗಿತ್ತಾ?" ಎಂದು ಕೇಳಬಾರದು. ಇಡೀ ತರಗತಿ ಒಕ್ಕೊರಲಿನಿಂದ "ಚೆನ್ನಾಗಿತ್ತು ಮಿಸ್" ಎನ್ನುತ್ತದೆ, ಅಷ್ಟೇ. ಮಾರನೇ ದಿನ ಹೋಗಿ, ನಿನ್ನೆಯ ಕಥೆಯನ್ನು ರಜೆ ಹಾಕಿದ್ದ ಮಗುವಿಗೆ ಹೇಳಿ ಎಂದು ಒಬ್ಬರನ್ನು ಎಬ್ಬಿಸಬೇಕು. ಅವರು ಬಿಟ್ಟುಬಿಟ್ಟ ಪ್ಯಾರಾಗಳು ಕಥೆಗೆ ಬೇಕಿಲ್ಲದವು. ಅವರು ತಾವಾಗಿ ಸೇರಿಸಿದ ಮಾತುಗಳಲ್ಲಿ ಕೆಲವನ್ನು ಮರ್ಯಾದೆಯಿಂದ ಕಥೆಯೊಳಕ್ಕೆ ತೆಗೆದುಕೊಳ್ಳಬಹುದು.

ಇನ್ನು ಅಚ್ಚಿನ ಮಾತು. 'ಚಂದಮಾಮ', 'ಬಾಲಮಿತ್ರ'ಗಳ ಕಾಲ ಮುಗಿದಿದೆ. ಆದರೆ ದಿನಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ, ವಾರಪತ್ರಿಕೆಗಳಲ್ಲಿ ಮಕ್ಕಳ ಕಥೆಗೆ ಇಂದಿಗೂ ಜಾಗವಿದೆ. ವಿಜ್ಞಾನದ ಎಳೆ ಇದ್ದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'ವನ್ನೂ ನೋಡಬಹುದು. ಕಳಿಸುವ ಮುನ್ನ ಆ ಪುಟದ ನಾಲ್ಕಾರು ಸಂಚಿಕೆ ಓದಿ ಪದಗಳನ್ನು ಎಣಿಸಿಕೊಳ್ಳಬೇಕು, 500 ಪದದ ಜಾಗಕ್ಕೆ 1,200 ಪದ ಕಳಿಸಿದರೆ ಕಥೆ ಎಷ್ಟು ಚೆನ್ನಾಗಿದ್ದರೂ ಕೂರುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪಿಸಿ, ಇದು ಸ್ವಂತ ರಚನೆ, ಅನುವಾದವಲ್ಲ, ಬೇರೆಲ್ಲೂ ಪ್ರಕಟವಾಗಿಲ್ಲ ಎಂದು ಎರಡು ಸಾಲು ಬರೆದು ಕಳಿಸಬೇಕು. ಒಂದು ಕಥೆಯನ್ನು ಒಂದೇ ಸಲಕ್ಕೆ ಎರಡು ಪತ್ರಿಕೆಗೆ ಕಳಿಸಿ, ಎರಡರಲ್ಲೂ ಒಂದೇ ಭಾನುವಾರ ಬಂದುಬಿಟ್ಟರೆ ಎರಡೂ ಬಾಗಿಲು ಮುಚ್ಚಿದಂತೆಯೇ. ಎರಡು ಮೂರು ತಿಂಗಳು ಉತ್ತರ ಬಾರದಿದ್ದರೆ ಇನ್ನೊಂದು ಕಡೆ ಪ್ರಯತ್ನಿಸಬಹುದು. ಮೈಸೂರಿನ ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ಕೂಡ ಹಲವು ಪ್ರಕಾಶಕರಿಂದ ವಾಪಸ್ ಬಂದು, ಗೆಳೆಯನೊಬ್ಬನ ಮೂಲಕ ಗ್ರಹಾಂ ಗ್ರೀನ್ ಕೈ ಸೇರಿದ ಮೇಲೆ 1935ರಲ್ಲಿ ಬೆಳಕು ಕಂಡಿತು.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ 'ಸ್ಟೋರಿವೀವರ್' ಜಾಲತಾಣದಲ್ಲಿ ಯಾರು ಬೇಕಾದರೂ ಕನ್ನಡದಲ್ಲಿ ಕಥೆ ಬರೆದು, ಅಲ್ಲಿರುವ ಚಿತ್ರಗಳನ್ನೇ ಬಳಸಿ ಪುಸ್ತಕವಾಗಿ ಪ್ರಕಟಿಸಬಹುದು. ಖರ್ಚಿಲ್ಲ. ಪುಟಕ್ಕೆಷ್ಟು ವಾಕ್ಯ, ಎಲ್ಲಿ ಪುಟ ತಿರುಗಬೇಕು ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಗರಡಿ ಇಲ್ಲ. ಒಂದು ಷರತ್ತನ್ನು ಮಾತ್ರ ಕಣ್ಣುಬಿಟ್ಟು ಓದಬೇಕು: ಅಲ್ಲಿ ಪ್ರಕಟವಾದದ್ದಕ್ಕೆ ಮುಕ್ತ ಪರವಾನಗಿ ಇರುತ್ತದೆ, ಹೆಸರು ಹೇಳಿ ಯಾರು ಬೇಕಾದರೂ ಮುದ್ರಿಸಬಹುದು, ಅನುವಾದಿಸಬಹುದು, ಮಾರಲೂಬಹುದು. ಮುಂದೆ ಪ್ರಕಾಶಕರಿಗೆ ಕೊಡಬೇಕೆಂದಿರುವ ಕಥೆಯನ್ನು ಅಲ್ಲಿ ಹಾಕಬಾರದು.

ಪ್ರಕಾಶಕರ ಬಳಿ ಹೋಗುವವರು ಅವರ ಪುಸ್ತಕಪಟ್ಟಿಯನ್ನು ಮೊದಲು ನೋಡಬೇಕು. ನವಕರ್ನಾಟಕ, ಸಪ್ನ, ಅಭಿನವದಂಥವರು ಮಕ್ಕಳ ಪುಸ್ತಕ ತರುತ್ತಾರೆ. ಬಣ್ಣದ ಚಿತ್ರಪುಸ್ತಕವಾದರೆ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ, ಕನ್ನಡದಲ್ಲೂ ಪುಸ್ತಕ ತರುವ ಚೆನ್ನೈನ ತೂಲಿಕಾ ಕಡೆ ನೋಡಬಹುದು. ಗೌರವಧನ ಮುಖಬೆಲೆಯ ಶೇಕಡಾ ಹತ್ತರ ಆಸುಪಾಸು ಎಂಬುದು ವಾಡಿಕೆ, ಅದರ ಬದಲು ಒಂದಷ್ಟು ಪ್ರತಿ ಕೊಟ್ಟು ಕೈತೊಳೆದುಕೊಳ್ಳುವುದೂ ಅಷ್ಟೇ ವಾಡಿಕೆ. ಏನೇ ಆಗಲಿ ಬರಹದಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಆಗಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಎಂದು ಕಾಯ್ದೆ ಭಾವಿಸುತ್ತದೆ. ಅನುವಾದ, ಆಡಿಯೊ, ಸಿನಿಮಾ ಹಕ್ಕುಗಳನ್ನು "ಎಲ್ಲ ಹಕ್ಕುಗಳು" ಎಂಬ ಒಂದೇ ಪದಪುಂಜದಲ್ಲಿ ಬಿಟ್ಟುಕೊಡುವ ಕಾರಣವಿಲ್ಲ.

ಹಳೆಯದನ್ನು ಮರುಬರೆಯುವವರಿಗೂ ಇದೇ ಕಾಯ್ದೆ ಅನ್ವಯ. ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ, ಅವರ ಕಥೆಗಳು ಎಂದೋ ಮುಕ್ತವಾಗಿವೆ. 1979ರಲ್ಲಿ ತೀರಿಕೊಂಡ ರಾಜರತ್ನಂ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ ಅನುಮತಿ ಬೇಕು. ಜನಪದ ಕಥೆ ಯಾರ ಸ್ವತ್ತೂ ಅಲ್ಲ, ಆದರೆ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಕನ್ನಡ ಕಥೆಗಳನ್ನು ಸಂಗ್ರಹಿಸಿ ಬರೆದ ಪಾಠಕ್ಕೆ ಹಕ್ಕಿದೆ. ಸೋಸಲೆಯ ಅಜ್ಜಿಯೊಬ್ಬರಿಂದ ಅದೇ ಕಥೆ ಕೇಳಿ ಬರೆದರೆ ಅಡ್ಡಿಯಿಲ್ಲ, ಅಜ್ಜಿಯ ಹೆಸರನ್ನು ಅವರ ಒಪ್ಪಿಗೆ ಪಡೆದು ಪುಸ್ತಕದಲ್ಲಿ ಹಾಕುವುದು ಮರ್ಯಾದೆ.

ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವುದು ಕನ್ನಡದಲ್ಲಿ ಅವಮಾನದ ಸಂಗತಿಯೇನಲ್ಲ. ಕುವೆಂಪು ಅವರಿಗೆ ಉದಯರವಿ ಇತ್ತು, ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ನಡೆಸಿದರು, ಗಳಗನಾಥರು ಪುಸ್ತಕ ಹೊತ್ತು ಊರೂರು ಮಾರಿದರು. ಇಲ್ಲಿ ಮೊದಲ ದೊಡ್ಡ ಖರ್ಚು ಚಿತ್ರದ್ದು. ಮೈಸೂರಿನಲ್ಲಿ ಕಾವಾ ಎಂದೇ ಕರೆಯುವ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಯುವ ಕಲಾವಿದರು ಸಿಗುತ್ತಾರೆ. ಅವರಿಗೆ ಎಷ್ಟು ಕೊಡಬೇಕು, ಮೂಲಚಿತ್ರ ಯಾರದ್ದು, ಎರಡನೇ ಮುದ್ರಣಕ್ಕೆ ಮತ್ತೆ ಕೊಡಬೇಕೇ ಎಂಬುದೆಲ್ಲ ಕಾಗದದ ಮೇಲಿರಲಿ. ಕಂಪ್ಯೂಟರ್ ಹತ್ತು ಸೆಕೆಂಡಿನಲ್ಲಿ ಬಿಡಿಸಿಕೊಡುವ ಹೆಬ್ಬಾತಿಗೆ ಒಮ್ಮೊಮ್ಮೆ ಮೂರು ಪಟ್ಟೆ ಇರುತ್ತದೆ, ಕೊಕ್ಕು ಬಾತುಕೋಳಿಯದ್ದಾಗಿರುತ್ತದೆ. ಹದಿನಾರಿನ ಮಕ್ಕಳು ಅದನ್ನು ನೋಡಿ ನಗುತ್ತಾರೆ.

ಮುದ್ರಣಾಲಯಕ್ಕೆ ಹೋಗುವ ಮುನ್ನ ನಾಲ್ಕು ಹಾಳೆಯನ್ನು ಒಂದರೊಳಗೊಂದು ಇಟ್ಟು ಮಡಿಸಿದರೆ 16 ಪುಟದ ಮಾದರಿ ಪುಸ್ತಕ ಸಿದ್ಧ. ಪ್ರತಿ ಪುಟದಲ್ಲಿ ವಾಕ್ಯಗಳನ್ನು ಬರೆದು, ಚಿತ್ರದ ಜಾಗಕ್ಕೆ ಚೌಕ ಹಾಕಿ ನೋಡಬೇಕು. ಮಾದೇವಿ ಕೆಸರಲ್ಲಿ ಮಲಗಿ ಎರಡನೇ ಅಕ್ಷರ ಓದುವುದು ಬಲಪುಟದ ಕೊನೆಗೆ ಬಂದರೆ ಡಬ್ಬದ ಸದ್ದಿಗೆ ಮಗು ತಾನೇ ಪುಟ ತಿರುಗಿಸಬೇಕಾಗುತ್ತದೆ. ಅಚ್ಚಿನ ಹಾಳೆ ಮಡಿಕೆಯ ಲೆಕ್ಕದಲ್ಲಿ ನಡೆಯುವುದರಿಂದ 16, 24, 32 ಪುಟಗಳೇ ಅಗ್ಗ. 18 ಪುಟದ ಪುಸ್ತಕ ಮಾಡಿಸುವವರು ಖಾಲಿ ಹಾಳೆಗೆ ದುಡ್ಡು ಕೊಡುತ್ತಾರೆ. ಚಿಕ್ಕ ಮಕ್ಕಳಿಗೆ ಅಕ್ಷರ 16ರಿಂದ 18 ಪಾಯಿಂಟ್ ಇರಲಿ, ಸಾಲುಗಳ ನಡುವೆ ಧಾರಾಳ ಜಾಗವಿರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಕೊನೆಯಲ್ಲಿ ಪದ ತುಂಡಾಗಬಾರದು. ಯೂನಿಕೋಡ್ ಬರಹವನ್ನು ಮುದ್ರಣಾಲಯದವರು ತಮ್ಮ ನುಡಿ ಅಥವಾ ಶ್ರೀಲಿಪಿಗೆ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಎದ್ದು ಓಡುವುದುಂಟು. ಹಾಗಾಗಿ ಕಡೆಯ ಕರಡನ್ನು ತೆರೆಯ ಮೇಲೆ ನೋಡಿ ಒಪ್ಪದೆ, ಕಾಗದದ ಮೇಲೆ ತರಿಸಿ, ಕಥೆ ಗೊತ್ತಿಲ್ಲದ ಇನ್ನೊಬ್ಬರಿಂದ ಓದಿಸಬೇಕು.

ಐಎಸ್‌ಬಿಎನ್ ಸಂಖ್ಯೆ ಭಾರತದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಲೇಖಕ-ಪ್ರಕಾಶಕರಿಗೂ ಸಿಗುತ್ತದೆ, ದುಡ್ಡು ಕೇಳುವ ಮಧ್ಯವರ್ತಿಗಳು ಬೇಕಿಲ್ಲ. ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ನಿಗದಿತ ಇತರ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ಹಸ್ತಪ್ರತಿಯ ಹಂತದಲ್ಲೇ ಅರ್ಜಿ ಹಾಕಬೇಕು, ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ.

ಕನ್ನಡ ಪುಸ್ತಕೋದ್ಯಮದ ಬೆನ್ನೆಲುಬು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಖರೀದಿ. ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಇಲಾಖೆ ಕೊಳ್ಳುವುದು ರೂಢಿ. ಅದಕ್ಕೆ ಪುಸ್ತಕ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ನೋಂದಣಿಯಾಗಿರಬೇಕು, ಅರ್ಜಿ ಗಡುವಿನೊಳಗೆ ಹೋಗಿರಬೇಕು. ಆದರೆ ಅದನ್ನೇ ನಂಬಿ ಸಾವಿರ ಪ್ರತಿ ಅಚ್ಚು ಹಾಕಿಸಿದರೆ ಮಂಚದ ಕೆಳಗೆಲ್ಲ ಪುಸ್ತಕದ ಕಟ್ಟು. ಆಯ್ಕೆಗೂ ಹಣ ಕೈಸೇರುವುದಕ್ಕೂ ನಡುವೆ ಕಾಲ ಬಹಳ ಸರಿಯುತ್ತದೆ. ಮೊದಲು 200 ಅಥವಾ 300 ಪ್ರತಿಯನ್ನು ಡಿಜಿಟಲ್ ಮುದ್ರಣದಲ್ಲಿ ತಂದು, ಶಾಲಾ ವಾರ್ಷಿಕೋತ್ಸವಗಳಲ್ಲಿ, ಸುತ್ತೂರು ಜಾತ್ರೆಯಲ್ಲಿ, ತಾಲ್ಲೂಕು ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಇಟ್ಟು ನೋಡುವುದು ಕ್ಷೇಮ. ಡಿಜಿಟಲ್‌ನಲ್ಲಿ ಪ್ರತಿಯೊಂದರ ಖರ್ಚು ಹೆಚ್ಚು, ಉಳಿಯುವ ಕಟ್ಟು ಕಡಿಮೆ. ಹೀಗೆ ಮಾರುವಾಗ ಒಂದು ಪ್ರತಿಯನ್ನು ಬೇರೆ ಎತ್ತಿಟ್ಟುಕೊಂಡು, ಓದುಗರು, ಮೇಷ್ಟ್ರುಗಳು, ಮಕ್ಕಳು ತೋರಿಸುವ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತ ಬರಬೇಕು. ಎರಡನೇ ಮುದ್ರಣಕ್ಕೆ ಹೋಗುವುದು ಆ ಪ್ರತಿ. ಬರೀ ಅಕ್ಷರದೋಷ ತಿದ್ದಿದ ಮರುಮುದ್ರಣಕ್ಕೆ ಹಳೆಯ ಐಎಸ್‌ಬಿಎನ್ ನಡೆಯುತ್ತದೆ. ಕಥೆಯನ್ನೇ ಗಣನೀಯವಾಗಿ ಬದಲಿಸಿದ್ದರೆ, ಗಟ್ಟಿ ರಟ್ಟಿನ ಆವೃತ್ತಿ ತಂದರೆ ಅಥವಾ ಇ-ಪುಸ್ತಕ ಮಾಡಿದರೆ ಒಂದೊಂದಕ್ಕೂ ಹೊಸ ಸಂಖ್ಯೆ ಪಡೆಯಬೇಕು.